ಹೆಡ್ಡಾಫೀಸಿನ ಪಾಲು

ಸೊಸೆಯ ಕೆಲಸ ತಪ್ಪು ಹುಡುಕುವುದು. ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿಕೊಡುವ ಒಂದು ಆ್ಯಪ್ ಇತ್ತು. ಅದನ್ನು ಬರೆಯುವವರು ಬೇರೆ; ಬರೆದದ್ದರಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಕೆದಕಿ ನೋಡಿ ಅವರ ಮುಖಕ್ಕೆ ಹಿಡಿಯುವವಳು ಇವಳು. ಮದುವೆಯಾದ ಹೊಸದರಲ್ಲಿ ಇದನ್ನು ಬಿಡಿಸಿ ಹೇಳಿದಾಗ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

"ಇದಕ್ಕೂ ಸಂಬಳ ಕೊಡ್ತಾರಾ? ನಮ್ಮ ಕಾಲದಲ್ಲಿ ಅತ್ತೆಯರು ಪುಕ್ಕಟೆ ಮಾಡ್ತಿದ್ರು."

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಅದು ಬರೀ ತಮಾಷೆಯೋ, ತಮಾಷೆಯೊಳಗೆ ಸೂಜಿ ಇತ್ತೋ ಎಂದು ಮಾತ್ರ ಆಮೇಲೂ ಎಷ್ಟೋ ದಿನ ಯೋಚಿಸಿದಳು. ಹಗಲೆಲ್ಲ ಅನುಮಾನ ಪಟ್ಟು ಸಂಬಳ ತೆಗೆದುಕೊಳ್ಳುವವರಿಗೆ, ಸಂಜೆಯಾಯಿತೆಂದು ಅನುಮಾನ ನಿಲ್ಲುವುದಿಲ್ಲ.

ನಾಲ್ಕೇ ಜನರ ಮನೆ. ಮಾವ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಯಾರಾದರೂ ಬಾಗಿಲಲ್ಲಿ ನಿಂತರೆ "ಒಳಗೆ ಹೋಗಿ, ಒಳಗೆ ಜಾಗ ಇದೆ" ಎನ್ನುವ ಚಾಳಿ ಇನ್ನೂ ಬಿಟ್ಟಿರಲಿಲ್ಲ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವನು. ಅಡುಗೆಮನೆ ಅತ್ತೆಯ ರಾಜ್ಯ. ಸೊಸೆ ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಇನ್ನೊಂದು ತುದಿಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ನಡುವೆ ಒಂದು ಮಾರು ಜಾಗ, ಅಷ್ಟನ್ನು ದಾಟಲು ಮಾತಿಗೆ ಆಗುತ್ತಿರಲಿಲ್ಲ. ಅತ್ತೆ ಏನಾದರೂ ಕೇಳಿದರೆ ಸೊಸೆ ಹೆಡ್‌ಫೋನ್ ಜಾರಿಸಿ "ಏನಂದ್ರಿ?" ಎನ್ನಬೇಕು, ಅವರು ಅದನ್ನೇ ಮತ್ತೆ ಹೇಳಬೇಕು. ಬರಬರುತ್ತಾ ಅತ್ತೆ ಕೇಳುವುದನ್ನೇ ಬಿಟ್ಟರು.

ಕೆಲಸದ ಜೊತೆಗೆ ಸೊಸೆಗೆ ಎರಡು ಹುಚ್ಚು. ಮೊದಲನೆಯದು ಮರದ ಸೌಟು ಕೆತ್ತುವುದು. ಒಂದು ಮೀಟಿಂಗಿಗೂ ಇನ್ನೊಂದಕ್ಕೂ ನಡುವೆ ಪುರುಸೊತ್ತು ಸಿಕ್ಕಿತೆಂದರೆ ಬಾಲ್ಕನಿಯಲ್ಲಿ ಮೋಟು ಸ್ಟೂಲಿನ ಮೇಲೆ ಕುಳಿತು, ಚಾಕು ಹಿಡಿದು ಮರ ಹೆರೆಯುತ್ತಿದ್ದಳು. ಅವಳ ಮೊದಲ ಸೌಟು ಎಷ್ಟು ಸೊಟ್ಟಗಿತ್ತೆಂದರೆ, ಅದರಲ್ಲಿ ಬಡಿಸಲು ಹೋದರೆ ಅರ್ಧ ತಟ್ಟೆಗೆ, ಅರ್ಧ ಮೇಜಿಗೆ. ಆಮೇಲಿನವು ಪರವಾಗಿಲ್ಲ ಎನ್ನುವಂತಿದ್ದವು. ಆದರೂ ಅತ್ತೆ ಒಂದನ್ನೂ ಬಳಸಲಿಲ್ಲ. "ಸ್ಟೀಲಿಂದು ಇರುವಾಗ ಮರದ್ದು ಯಾಕೆ?" ಎಂದು ಎಲ್ಲವನ್ನೂ ಕೆಳಗಿನ ಡ್ರಾಯರಿಗೆ ತುರುಕಿದರು. ಗಾಳಿ ಬೀಸಿದಾಗಲೆಲ್ಲ ಮರದ ಸಿಪ್ಪೆ ಅಡುಗೆಮನೆಗೆ ಹಾರುತ್ತಿತ್ತು.

"ನೋಡು ಕಣೇ, ಹಾಲಿನ ಪಾತ್ರೆಯಲ್ಲಿ ಏನು ತೇಲ್ತಾ ಇದೆ ಅಂತ."

"ಮರ ತಾನೇ ಅತ್ತೆ, ವಿಷ ಅಲ್ವಲ್ಲ."

"ಹಂಗಾದ್ರೆ ನೀನೇ ಕುಡಿ."

ಎರಡನೆಯ ಹುಚ್ಚು ಬ್ಲಾಗು. ಅದಕ್ಕೆ 'ಹಿಡಿಕೆ' ಎಂದು ಹೆಸರಿಟ್ಟಿದ್ದಳು. ಬರೆದರೆ ಒಂದೇ ವಾರದಲ್ಲಿ ಎರಡೆರಡು, ಇಲ್ಲದಿದ್ದರೆ ತಿಂಗಳುಗಟ್ಟಲೆ ಸದ್ದಿಲ್ಲ. ಕೆಲಸ ಕುತ್ತಿಗೆಗೆ ಬಂದಾಗ ಬ್ಲಾಗು ಸಾಯುತ್ತಿತ್ತು, ಮನೆಯಲ್ಲಿ ಜಗಳವಾದಾಗ ಬದುಕುತ್ತಿತ್ತು. ಯಾವ ಮರ ಮೆದು, ಯಾವ ಚಾಕು ಜಾರುತ್ತದೆ ಎಂದು ಶುರುವಾದ ಬರಹ ಕೊನೆಗೆ ಮನೆಯ ಸುದ್ದಿಗೇ ಬಂದು ನಿಲ್ಲುತ್ತಿತ್ತು. ಅಲ್ಲಿ ಅತ್ತೆಯ ಹೆಸರು 'ಹೆಡ್ಡಾಫೀಸು'. "ಇವತ್ತು ಹೆಡ್ಡಾಫೀಸು ನನ್ನ ಹೊಸ ಸೌಟಿನಿಂದ ಜಿರಳೆ ಹೊಡೆಯಿತು" ಎಂದು ಒಮ್ಮೆ ಬರೆದು, ತಾನೇ ಓದಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಓದುವವರಾದರೂ ಯಾರು? ಹಳೆಯ ಆಫೀಸಿನ ಗೆಳತಿಯೊಬ್ಬಳು, ದಾರಿ ತಪ್ಪಿ ಬಂದವರು ನಾಲ್ಕಾರು ಜನ. ಇಡೀ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಇದ್ದರೆ ಅದು ಈ ಬ್ಲಾಗು ಎಂದುಕೊಂಡಿದ್ದಳು.

ಒಂದು ದಿನ ಚಾಕು ಜಾರಿ ಹೆಬ್ಬೆರಳು ಕುಯ್ದಿತು. ಹೇಳಿದರೆ "ಇದೆಲ್ಲ ಬೇಕಿತ್ತಾ?" ಎಂಬ ಮಂಗಳಾರತಿ ಖಂಡಿತ ಎಂದು ಬಾಯಿ ಬಿಡಲಿಲ್ಲ. ಊಟಕ್ಕೆ ಕುಳಿತಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಳು. ಬ್ಲಾಗಿನಲ್ಲಿ ಮಾತ್ರ ಬರೆದುಕೊಂಡಳು. ಮಾರನೆಯ ದಿನ ಬಾಲ್ಕನಿಗೆ ಹೋದರೆ, ಸ್ಟೂಲಿನ ಮೇಲೆ, ಚಾಕುವಿನ ಪಕ್ಕದಲ್ಲೇ, ಹೊಸ ಮುಲಾಮಿನ ಟ್ಯೂಬು ಮತ್ತು ಬ್ಯಾಂಡೇಜು.

ಬೇರೆ ಯಾರಾದರೂ ಆಗಿದ್ದರೆ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಇವಳು ಟ್ಯೂಬನ್ನು ಸಾಕ್ಷಿಯಂತೆ ಎತ್ತಿಟ್ಟುಕೊಂಡಳು.

"ಬಾಲ್ಕನಿಯಲ್ಲಿ ಇದನ್ನ ಇಟ್ಟವರು ಯಾರು?" ಎಂದು ಊಟದ ಹೊತ್ತಿಗೆ ಟ್ಯೂಬು ತೋರಿಸಿ ಕೇಳಿದಳು.

"ನಾನಲ್ಲ," ಎಂದ ಗಂಡ, ತಟ್ಟೆಯಿಂದ ಕಣ್ಣು ಎತ್ತದೆ.

"ನಂಗೇನು ಗೊತ್ತು," ಎಂದರು ಮಾವ.

"ಅನ್ನ ಹಾಕ್ಲಾ?" ಎಂದರು ಅತ್ತೆ.

ಅಂದರೆ ಮನೆಯಲ್ಲೇ ಯಾರೋ ಓದುತ್ತಿದ್ದಾರೆ. ಯಾರು? ಎಂದಿನಿಂದ? ಜಿರಳೆಯ ಕಥೆಯನ್ನೂ ಓದಿದ್ದಾರೆಯೇ? ನೇರವಾಗಿ ಕೇಳೋಣವೆಂದರೆ, "ನೀನು ಏನು ಬರೆದಿದ್ದೀಯ?" ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಕೇಳಿದರೆ ಬ್ಲಾಗು ಹೋಯಿತು, ಜೊತೆಗೆ ಅತ್ತೆಯ ಮುಂದೆ ಮಾನವೂ ಹೋಯಿತು. ಕೇಳದಿದ್ದರೆ ತಲೆ ಕೆಡುತ್ತದೆ. ಅವಳು ಕೇಳಲಿಲ್ಲ. ಕೇಳಿಬಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಅವಳ ಕೆಲಸದಲ್ಲಿ ಒಂದು ಉಪಾಯವಿದೆ. ಆ್ಯಪ್ ಎಲ್ಲಿ ಸೋರುತ್ತಿದೆ ಎಂದು ತಿಳಿಯದಿದ್ದರೆ, ಇಲ್ಲದ ರೋಗಿಯೊಬ್ಬನನ್ನು ಹುಟ್ಟಿಸಿ ಒಳಗೆ ಬಿಡುವುದು. ಆ ಸುಳ್ಳು ರೋಗಿ ಎಲ್ಲಿ ತಲೆ ಎತ್ತುತ್ತಾನೋ ಅಲ್ಲೇ ತೂತು. ಪರೀಕ್ಷೆ ಮುಗಿದ ಕೂಡಲೇ ಅವನನ್ನು ಅಳಿಸಿಬಿಡಬೇಕು, ಇಲ್ಲದಿದ್ದರೆ ನಿಜವಾದ ವೈದ್ಯರು ಬಾರದ ರೋಗಿಗಾಗಿ ಬಾಗಿಲು ನೋಡುತ್ತಾ ಕೂರುತ್ತಾರೆ. ಇದು ಈ ಕೆಲಸದ ಮೊದಲ ಪಾಠ. ಈ ಉಪಾಯವನ್ನೇ ಅವಳು ಮನೆಯ ಮೇಲೆ ಪ್ರಯೋಗಿಸಿದಳು.

ಮೊದಲು ಬೆಂಡೆಕಾಯಿ. ಅವಳಿಗೆ ಅದೆಂದರೆ ಪ್ರಾಣ. ಆದರೂ, "ಬೆಂಡೆಕಾಯಿ ಕಂಡರೆ ನನಗಾಗದು, ಬಾಯಿಬಿಟ್ಟು ಹೇಳಲಾರೆ" ಎಂದು ಬರೆದಳು. ಮರುವಾರ ಮಾವ ಮಾರುಕಟ್ಟೆಯಿಂದ ಚೀಲದ ತುಂಬ ಬದನೆಕಾಯಿ ತಂದರು.

"ಬೆಂಡೆಕಾಯಿ ಸಿಗಲಿಲ್ವಾ ಮಾವ?"

"ಎಲ್ಲಾ ಬಲಿತು ಹೋಗಿತ್ತಮ್ಮ. ಮುರಿದ್ರೆ ಮುರಿಯಲ್ಲ."

ಆಮೇಲೆ ಅದು ಮನೆಯೊಳಗೆ ಕಾಲಿಡಲೇ ಇಲ್ಲ. ಸೊಸೆ ತನ್ನ ಸುಳ್ಳಿಗೆ ತಾನೇ ದಂಡ ಕಟ್ಟುತ್ತಾ ಬದನೆಕಾಯಿ ತಿಂದಳು. ಆದರೆ ಇದು ತಂದವರ ಕೆಲಸವೋ, ಅಡುಗೆ ಮಾಡುವವರ ಆಜ್ಞೆಯೋ ಎಂಬುದು ಇತ್ಯರ್ಥವಾಗಲಿಲ್ಲ. ಹಾಗಾಗಿ ಮಾವನಿಗೆಂದೇ ಎರಡನೆಯ ಬಲೆ: "ಮಾವ ಸ್ನಾನದ ಮನೆಯಲ್ಲಿ ಗುನುಗುವ ರಾಗ ನಮ್ಮ ಆಫೀಸಿನವರಿಗೆಲ್ಲ ಮೆಚ್ಚುಗೆ." ಮಾರನೆಯ ದಿನ ಮೀಟಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ಸ್ನಾನದ ಮನೆಯಿಂದ ತಾರಕ ಸ್ವರ ಎದ್ದಿತು. ಬಕೆಟ್ಟಿನ ತಾಳ ಬೇರೆ. ಆ ಕಡೆ ಇದ್ದ ಮ್ಯಾನೇಜರು "ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ?" ಎಂದು ಕೇಳಿದರು.

ಮೂರನೆಯದು ಗಂಡನಿಗೆ. "ಇವರಿಗೆ ಮೀಸೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!" ಎಂದು ಬರೆದ ಮೇಲೆ ಅವನ ಮೇಲ್ದುಟಿಯ ಮೇಲೆ ಕಪ್ಪಗೆ ಏನೋ ಮೊಳೆಯತೊಡಗಿತು.

"ಏನ್ರೀ ಇದು, ಶೇವ್ ಮಾಡೋಕೆ ಬೇಜಾರಾ?"

"ಸುಮ್ನೆ. ಒಂದು ಬದಲಾವಣೆ ಇರ್ಲಿ ಅಂತ."

ಇಬ್ಬರು ಸಿಕ್ಕಿಬಿದ್ದರು. ಉಳಿದವರು ಅತ್ತೆ. ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಫೋನಿನಲ್ಲಿ ಕರೆ ಬಂದರೆ ಎತ್ತುವುದಷ್ಟೇ ಗೊತ್ತು. ಆದರೂ ಸೊಸೆಗೆ ಸಮಾಧಾನವಿಲ್ಲ. ಮುಲಾಮು ಕಾಣಿಸುವ ಸ್ವಲ್ಪ ಮೊದಲು ಗಂಡ ಅವರಿಗೆ ಹತ್ತಿರದ್ದು ನೋಡುವ ಹೊಸ ಕನ್ನಡಕ ಮಾಡಿಕೊಟ್ಟಿದ್ದ. ಯಾಕೆಂದು ಕೇಳಿದ್ದಕ್ಕೆ "ಸೂಜಿಗೆ ದಾರ ಪೋಣಿಸೋಕೆ" ಎಂದಿದ್ದ. ಬಿದ್ದುಹೋದ ಗುಂಡಿಯನ್ನು ಕೂಡ ಬೀದಿ ಕೊನೆಯ ದರ್ಜಿಗೆ ಕೊಟ್ಟು ಹಾಕಿಸುವ ಅತ್ತೆಗೆ ಯಾವ ಸೂಜಿ, ಯಾವ ದಾರ? ಇವಳು "ಹೆಡ್ಡಾಫೀಸಿಗೆ ಆ ಹಸಿರು ಸ್ವೆಟರು ಬಹಳ ಒಪ್ಪುತ್ತದೆ" ಎಂದು ಬರೆದು ಕಾದಳು. ಅತ್ತೆ ಹಸಿರು ಸ್ವೆಟರನ್ನು ಮುಟ್ಟಲಿಲ್ಲ. ಎಂದಿನ ಬೂದು ಬಣ್ಣದ್ದನ್ನೇ ಹಾಕಿಕೊಂಡು ಓಡಾಡಿದರು.

ಇನ್ನೊಬ್ಬರಾದರೆ ಅಲ್ಲಿಗೆ ಬಿಡುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ತಪ್ಪು ಸಿಗದಿದ್ದರೆ ತಪ್ಪಿಲ್ಲ ಎಂದು ಇವಳು ಯಾವತ್ತೂ ನಂಬಿದವಳಲ್ಲ. ಪರೀಕ್ಷೆ ಸಾಲದು ಎಂದು ತಿಳಿಯುವವಳು. ಯಾರೂ ಸುಮ್ಮನಿರಲಾಗದಂಥ ಒಂದನ್ನು ಬರೆದುಬಿಟ್ಟಳು: "ಗಂಡನಿಗೆ ಇನ್ನೂ ಹೇಳಿಲ್ಲ. ಬೇರೆ ಮನೆ ನೋಡುತ್ತಿದ್ದೇನೆ. ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ನನ್ನ ಸ್ಟೂಲು. ಸಿಪ್ಪೆ ಬಿದ್ದರೆ ಗೊಣಗುವವರಿಲ್ಲ. ಇನ್ನು ಹೆಡ್ಡಾಫೀಸಿನ ಪಾಡು ಹೆಡ್ಡಾಫೀಸಿಗೆ, ಬ್ರಾಂಚಿನ ಪಾಡು ಬ್ರಾಂಚಿಗೆ." ಬರೆಯುವಾಗ ಕೈ ಎಷ್ಟು ಸಲೀಸಾಗಿ ಓಡಿತೆಂದರೆ ಅವಳಿಗೇ ಒಂದು ಕ್ಷಣ ಗಾಬರಿಯಾಯಿತು. ನಾಳೆ ಬೆಳಿಗ್ಗೆ ಅಳಿಸಿಬಿಡುವುದು ಎಂದುಕೊಂಡಳು.

ಬೆಳಿಗ್ಗೆ ಆಫೀಸಿನಲ್ಲಿ ಬೆಂಕಿ ಬಿದ್ದಂತಾಗಿತ್ತು. ಆ್ಯಪಿನ ಹೊಸ ರೂಪ ಬಿಡುಗಡೆಯಾಗುವ ಹೊತ್ತಿಗೆ, ಒಂದೇ ಸಮಯವನ್ನು ಇಬ್ಬಿಬ್ಬರು ರೋಗಿಗಳಿಗೆ ಕೊಡುತ್ತಿರುವುದು ಪತ್ತೆಯಾಯಿತು. ಅಲ್ಲಿಂದ ಮುಂದೆ ವಾರಗಟ್ಟಲೆ ಹೆಡ್‌ಫೋನ್ ಕಿವಿಯಿಂದ ಇಳಿಯಲಿಲ್ಲ. ಊಟ ಲ್ಯಾಪ್‌ಟಾಪಿನ ಪಕ್ಕದಲ್ಲೇ ಆರಿ ತಣ್ಣಗಾಗುತ್ತಿತ್ತು. ಚಾಕು ತುಕ್ಕು ಹಿಡಿಯಿತು, ಬ್ಲಾಗಿನ ನೆನಪೂ ಬರಲಿಲ್ಲ. ಬೇರೆಯವರ ತಪ್ಪನ್ನು ಹಗಲಿರುಳು ಹುಡುಕುತ್ತಿದ್ದವಳು ತನ್ನ ಕೆಲಸದ ಮೊದಲ ಪಾಠವನ್ನೇ ಮರೆತಳು. ಸುಳ್ಳು ರೋಗಿ ಅಲ್ಲೇ ಕುಳಿತಿದ್ದ.

ಈ ಗಡಿಬಿಡಿಯಲ್ಲೂ ಮನೆಯ ಗಾಳಿ ಬದಲಾದದ್ದು ಅವಳ ಗಮನಕ್ಕೆ ಬಂತು. ಅತ್ತೆ ಗೊಣಗುವುದನ್ನು ನಿಲ್ಲಿಸಿದ್ದರು. ಬಾಲ್ಕನಿಯ ಮೂಲೆಯಲ್ಲಿ ಉಳಿದಿದ್ದ ಹಳೆಯ ಸಿಪ್ಪೆಯನ್ನು ತಾವೇ ಗುಡಿಸಿ ಹಾಕಿದರು.

"ಬಿಡಿ ಅತ್ತೆ, ನಾನೇ ತೆಗೀತೀನಿ."

"ಇರ್ಲಿ ಬಿಡಮ್ಮ. ಇನ್ನೆಷ್ಟು ದಿನ."

ಸೊಸೆಯ ಕಿವಿ ನೆಟ್ಟಗಾಯಿತು. ಇನ್ನೆಷ್ಟು ದಿನ ಎಂದರೇನು? 'ಕಣೇ' ಹೋಗಿ 'ಅಮ್ಮ' ಬಂದದ್ದು ಯಾವಾಗ? ಬೈದರೆ ತಿರುಗಿ ಅನ್ನಬಹುದು, ಈ ಮರ್ಯಾದೆಯನ್ನು ಏನು ಮಾಡುವುದು? ಮಾವನ ಹಾಡು ನಿಂತುಹೋಗಿತ್ತು. ಟೀ ಕುಡಿಯುತ್ತಾ ಗೋಡೆಗೆ ಹೇಳುವಂತೆ, "ಮುಂದಿನ ಸ್ಟಾಪಲ್ಲಿ ಇಳಿಯೋರು ಮೊದಲೇ ಹೇಳಿದ್ರೆ ಎಲ್ಲರಿಗೂ ಒಳ್ಳೇದು" ಎಂದರು. ಗಂಡ ಬೆಳೆಯುತ್ತಿದ್ದ ಮೀಸೆಯನ್ನು ಬೋಳಿಸಿ ಬಂದ.

"ನಿಂಗೆ ಇಲ್ಲಿ ಏನಾದ್ರೂ ಕಷ್ಟ ಇದ್ರೆ ಮೊದಲು ನಂಗೆ ಹೇಳ್ಬೇಕು ತಾನೇ?" ಎಂದು ಕೇಳಿದ.

"ಏನು ಕಷ್ಟ?"

"ಏನಿಲ್ಲ. ಸುಮ್ನೆ ಕೇಳ್ದೆ."

"ಸುಮ್ಮನೆ ಕೇಳೋ ಮುಖ ಅಲ್ಲ ಇದು."

"ನಿಂದು ಮಾತ್ರ ಏನೂ ಮುಚ್ಚಿಡದೇ ಇರೋ ಮುಖಾನಾ?" ಎಂದು ದಡಕ್ಕನೆ ಎದ್ದು ಹೋದ.

ಕೇಳಬೇಕಾದದ್ದನ್ನು ಅವರು ಕೇಳುವಂತಿರಲಿಲ್ಲ. ಕೇಳಿದರೆ ಕದ್ದು ಓದಿದ್ದು ಬಯಲಾಗುತ್ತದೆ. ಹೇಳಬೇಕಾದದ್ದು ಇವಳಿಗೆ ನೆನಪೇ ಇರಲಿಲ್ಲ. ಇವಳು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅಲ್ಲಿನ ಪಿಸುಮಾತು ನಿಲ್ಲುತ್ತಿತ್ತು. ಮೂವರೂ ಸೇರಿ ತನ್ನನ್ನು ಹೊರಗೆ ಹಾಕಲು ಹೊಂಚುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಒಂದು ದಿನ ಊಟದ ನಡುವೆ ತಟ್ಟೆ ಸರಿಸಿ ಕೇಳಿಯೇಬಿಟ್ಟಳು.

"ನನ್ನ ಬೆನ್ನ ಹಿಂದೆ ಏನು ನಡೀತಾ ಇದೆ ಈ ಮನೇಲಿ?"

"ಯಾರ ಬೆನ್ನ ಹಿಂದೆ ಯಾರು ಮಾಡ್ತಾ ಇರೋದು ಅಂತ ದೇವರಿಗೇ ಗೊತ್ತು," ಎಂದರು ಅತ್ತೆ.

"ಹಂಗಂದ್ರೇನು?"

"ಏನೂ ಇಲ್ಲಮ್ಮ. ಊಟ ಮಾಡು."

"ನಾನಿಲ್ಲಿ ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ!"

ಮಾವ ಕೆಮ್ಮಿದರು. ಅತ್ತೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದರು. ಅಂದು ಸೊಸೆಗೆ ಅಳು ಬಂತು. ಹೆಡ್‌ಫೋನ್ ಹಾಕಿಕೊಂಡು, ಮೀಟಿಂಗಿನಲ್ಲಿ ಇರುವವಳ ಹಾಗೆ ಕುಳಿತು ಅತ್ತಳು.

ಆ್ಯಪ್ ಅಂತೂ ಇಂತೂ ಬಿಡುಗಡೆಯಾಯಿತು. ಆ ಭಾನುವಾರ ಅವಳು ಚಾಕುವಿನ ತುಕ್ಕು ತೆಗೆಯಲು ಉಜ್ಜುಕಾಗದ ಕೊಂಡುಕೊಂಡು ಮನೆಗೆ ಬಂದರೆ, ಅಡುಗೆಮನೆಯಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಕಪಾಟುಗಳೆಲ್ಲ ಖಾಲಿ. ನೆಲದ ಮೇಲೆ ಪಾತ್ರೆಗಳ ಎರಡು ಗುಡ್ಡೆ. ನಡುವೆ ಅತ್ತೆ ಕಾಲು ಚಾಚಿ ಕುಳಿತಿದ್ದರು. ಮೂಗಿನ ತುದಿಯಲ್ಲಿ ಹೊಸ ಕನ್ನಡಕ.

ಒಂದು ಗುಡ್ಡೆಯಲ್ಲಿ ದೊಡ್ಡ ಕುಕ್ಕರು, ದಪ್ಪ ತಳದ ಬಾಣಲೆ, ನೆಂಟರು ಬಂದಾಗ ಮಾತ್ರ ಇಳಿಸುವ ತಟ್ಟೆಗಳು, ಮಿಕ್ಸಿ. ಇನ್ನೊಂದರಲ್ಲಿ ಮೂಲೆ ನಗ್ಗಿದ ಸಣ್ಣ ಪಾತ್ರೆ, ಎರಡು ತಟ್ಟೆ, ಎರಡು ಲೋಟ. ಅದರ ಮೇಲೆ, ಕೆಳಗಿನ ಡ್ರಾಯರಿನಿಂದ ತೆಗೆದ ಮರದ ಸೌಟುಗಳೆಲ್ಲವೂ ಸಾಲಾಗಿ.

"ಏನತ್ತೆ ಇದು?"

"ದೊಡ್ಡದೆಲ್ಲ ನೀವಿಬ್ರು ತಗೊಂಡು ಹೋಗಿ. ಹೊಸ ಮನೆಗೆ ಬೇಕಾಗತ್ತೆ," ಎಂದರು ಅತ್ತೆ. "ಹೆಡ್ಡಾಫೀಸಿಗೆ ಇಷ್ಟು ಸಾಕು."

ಸೊಸೆಗೆ ಮರೆತದ್ದೆಲ್ಲ ಒಂದೇ ಏಟಿಗೆ ನೆನಪಾಯಿತು. ಉಜ್ಜುಕಾಗದ ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಕುಳಿತಳು.

"ಸೌಟು ನಾನಿಟ್ಕೋತೀನಿ, ಬೇಜಾರು ಮಾಡ್ಕೋಬೇಡ. ನೀನು ಬೇರೆ ಮಾಡ್ಕೋಬಹುದು," ಎಂದರು ಅತ್ತೆ. ಸೊಟ್ಟ ಸೌಟನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿದರು. "ಆಮೇಲೆ ಇನ್ನೊಂದು ಮಾತು. ನಾನು ಜಿರಳೆ ಹೊಡೆದದ್ದು ಸೌಟಿನಿಂದ ಅಲ್ಲ ಕಣೇ, ಚಪ್ಪಲಿಯಿಂದ. ಸೌಟು ಪಕ್ಕದಲ್ಲಿ ಬಿದ್ದಿತ್ತು, ಅಷ್ಟೇ. ಊರಿಗೆಲ್ಲ ಬರೆಯೋ ಮೊದಲು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅಷ್ಟರಲ್ಲಿ ಗಂಡನೂ ಮಾವನೂ ಬಾಗಿಲಿಗೆ ಬಂದು ನಿಂತಿದ್ದರು. ಅಂದು ಒಳಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

"ಯಾವ ಮನೆನೂ ನೋಡಿಲ್ಲ ಅತ್ತೆ," ಎಂದಳು ಸೊಸೆ. "ಸುಳ್ಳು ಬರೆದೆ. ಯಾರು ಓದ್ತಾರೆ ಅಂತ ಹಿಡಿಯೋಕೆ. ಅದು ಪರೀಕ್ಷೆ. ಅಳಿಸೋದು ಮರೆತೆ."

ಅತ್ತೆ ಸೌಟನ್ನು ಕೆಳಗಿಟ್ಟರು.

"ಬೆಂಡೆಕಾಯಿ?" ಎಂದು ಕೇಳಿದರು ಮಾವ.

"ಸುಳ್ಳು."

"ನನ್ನ ಹಾಡು?"

ಸೊಸೆ ತಲೆ ತಗ್ಗಿಸಿದಳು. ಮಾವ ನಡುಮನೆಗೆ ಹೋಗಿ ಕುಳಿತರು. ಗಂಡ ಮೇಲ್ದುಟಿ ಸವರಿಕೊಂಡ.

"ಅಮ್ಮಂಗೆ ಬ್ಲಾಗು ತೆರೆದು ಓದೋಕೆ ಕಲಿಸಿದ್ದು ಅಪ್ಪ," ಎಂದ ಅವನು. "ನೀನು ಆ್ಯಪ್ ನೋಡೋಕೆ ಅಂತ ತಂದಿದ್ದ ಹಳೇ ಟ್ಯಾಬ್ಲೆಟ್ ಇದೆಯಲ್ಲ, ಅದರಲ್ಲಿ ಬ್ಲಾಗು ತೆರೆದೇ ಇತ್ತು. ಕನ್ನಡಕ ಮಾಡಿಕೊಟ್ಟೋನು ನಾನು."

"ಯಾಕೆ? ನನ್ನ ಬ್ಲಾಗನ್ನ ಯಾಕೆ ಓದ್ಬೇಕಿತ್ತು ನೀವೆಲ್ಲ?"

ಅತ್ತೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮತ್ತೆ ನಿನ್ನ ಮಾತು ಕೇಳೋಕೆ ಬೇರೆ ಎಲ್ಲಿಗೆ ಹೋಗ್ಲಿ? ಇಲ್ಲಿ ಯಾವಾಗ ನೋಡಿದ್ರೂ ಕಿವಿ ಮುಚ್ಚಿಕೊಂಡಿರ್ತೀಯ. ಕೈ ಕುಯ್ಕೊಂಡಿದ್ದನ್ನ ಕೂಡ ನಂಗೆ ಹೇಳ್ಲಿಲ್ಲ. ಓದಿ ತಿಳ್ಕೊಂಡು ಮುಲಾಮು ಇಟ್ಟು ಬಂದೆ. ಅದಕ್ಕೆ ನೀನು ಊಟಕ್ಕೆ ಕೂತು ಕಳ್ಳರನ್ನ ಕೇಳೋ ಹಂಗೆ ಕೇಳ್ದೆ." ಕನ್ನಡಕದ ಕಡ್ಡಿಗಳನ್ನು ಮಡಚಿದರು. "ಬೇರೆ ಹೋಗ್ತೀನಿ ಅಂದಿದ್ರೆ ತಡ್ಕೋತಿದ್ದೆ. ಪಾತ್ರೆ ಹಂಚೋಕೂ ಕೂತೆ. ಆದ್ರೆ ಪರೀಕ್ಷೆ ಅಂದ್ಯಲ್ಲ, ಅದು..."

ಮಾತು ಮುಗಿಸದೆ ಪಾತ್ರೆಗಳ ಕಡೆ ತಿರುಗಿದರು. ಸೊಸೆ ಅವರ ಪಾದದ ಹತ್ತಿರ ಸರಿದು ಕುಳಿತಳು. ಕ್ಷಮಿಸಿ ಎನ್ನಲು ಬಾಯಿ ತೆರೆದರೆ ಆ ಮಾತೂ ಸುಳ್ಳಿನಂತೆ ಕೇಳಿಸೀತೆಂದು ಹೆದರಿಕೆಯಾಯಿತು.

"ಹಸಿರು ಸ್ವೆಟರು ಸುಳ್ಳು ಅಂತ ಅವತ್ತೇ ಗೊತ್ತಾಯ್ತು," ಎಂದರು ಅತ್ತೆ, ಅತ್ತ ತಿರುಗಿಕೊಂಡೇ. "ಅದರ ಮೊಣಕೈ ತೂತು ಬಿದ್ದಿದೆ. ಹಂಗಾದ್ರೆ ಈ ಮನೆ ವಿಷಯ ಎಲ್ಲಾ ಸುಳ್ಳಾ? ಕಿಟಕಿನೂ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಿಟಕಿ ನಿಜ ಅತ್ತೆ. ಒಂದು ಕಿಟಕಿ ಇದ್ದಿದ್ರೆ ಅಂತ ಅನ್ಸತ್ತೆ."

"ಹೂಂ," ಎಂದರು ಅತ್ತೆ. "ಕುಕ್ಕರ್ ಎತ್ತಿಕೊಡು. ಮೇಲಿನ ಕಪಾಟಿಗೆ ನನ್ನ ಕೈ ಎಟುಕಲ್ಲ."

ಪಾತ್ರೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋದವು. ಸೊಸೆ ಆ ಬರಹವನ್ನು ಅಳಿಸಿದಳು. ಗಂಡ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಸರಿಹೋದ. ಮಾವ ಮತ್ತೆ ಗುನುಗತೊಡಗಿದರು, ಮೀಟಿಂಗಿನ ಹೊತ್ತು ತಪ್ಪಿಸಿ, ಬಹಳ ಮೆಲ್ಲಗೆ. ಅತ್ತೆ 'ಕಣೇ'ಗೆ ಮರಳಿದರು. ಆದರೆ ಒಂದು ಮಾತ್ರ ಮೊದಲಿನಂತಾಗಲಿಲ್ಲ. ಸೊಸೆ ಟೀ ಚೆನ್ನಾಗಿದೆ ಎಂದರೂ, ತಲೆನೋವು ಎಂದರೂ, ಇವತ್ತು ಕೆಲಸ ಬೇಗ ಮುಗಿಯಿತು ಎಂದರೂ ಅತ್ತೆ ಕೈಯಲ್ಲಿದ್ದದ್ದನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದರು.

"ಇದು ನಿಜಾನಾ, ಪರೀಕ್ಷೆನಾ?"

ತಮಾಷೆಗೆ ಕೇಳುತ್ತಿದ್ದಾರೆಯೇ ಎಂದು ಸೊಸೆ ಅವರ ಕಣ್ಣಲ್ಲಿ ಹುಡುಕಿದಳು. ತಮಾಷೆ ಇರಲಿಲ್ಲ.

ಕೆಲವು ದಿನಗಳ ಮೇಲೆ ಮಾವ ಬೆಂಡೆಕಾಯಿ ತಂದರು. ಎಳೆಯವು, ಮುಟ್ಟಿದರೆ ಮುರಿಯುವಂಥವು. ಮಧ್ಯಾಹ್ನ ಸೊಸೆ ಹೆಡ್‌ಫೋನ್ ಕಳಚಿ, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಕುಳಿತಳು. ಅತ್ತೆ ಹುರಿದ ಬೆಂಡೆಕಾಯಿಯ ಬಾಣಲೆಯನ್ನು ತಂದು ಮೇಜಿನ ಮೇಲಿಟ್ಟರು. ಬಡಿಸಲು ಅವರ ಕೈಯಲ್ಲಿದ್ದದ್ದು ಆ ಸೊಟ್ಟ ಸೌಟು.

"ಹೇಳು. ಇಷ್ಟಾನೋ, ಇಲ್ವೋ?"

"ಇಷ್ಟ ಅತ್ತೆ. ಮೊದಲಿಂದಲೂ ಇಷ್ಟ."

"ನೋಡೋಣ," ಎಂದರು ಅತ್ತೆ. ಅರ್ಧ ತಟ್ಟೆಗೆ, ಅರ್ಧ ಮೇಜಿಗೆ ಬಡಿಸಿ, ಎದುರಿನ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಅವಳ ಮುಖ ನೋಡುತ್ತಾ ಕುಳಿತರು. ಸೊಸೆ ಕೊನೆಯ ತುಂಡು ತಿಂದು ಮುಗಿಸುವವರೆಗೂ ಕನ್ನಡಕ ತೆಗೆಯಲಿಲ್ಲ.